ಕೇಸು ರದ್ದಾಗಿಲ್ಲ ತಾಯಿ, ತೀರ್ಪು ರದ್ದಾಗಿದೆ

ಕಳೆದ ಸೋಮವಾರ ಮಧ್ಯಾಹ್ನ ಕೋರ್ಟಿನ ಎದುರಿನ ಬಸ್ ಸ್ಟಾಪಿನಲ್ಲಿ ಒಬ್ಬ ಹೆಣ್ಣುಮಗಳು ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿ ಹತ್ತು ವರ್ಷದ ಮಗಳು. ಮಗುವಿನ ಬಲಗಾಲಿನ ಚಪ್ಪಲಿಯ ಅಟ್ಟೆ ಎಡಗಾಲಿನದಕ್ಕಿಂತ ದಪ್ಪ. ಏನಾಯ್ತಮ್ಮ ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಕೇಸು ರದ್ದಾಯ್ತಂತೆ ಅಣ್ಣಾ. ಮೂರು ವರ್ಸ ತಿರುಗಿದ್ದು ನೀರಲ್ಲಿ ಹೋಮ ಮಾಡ್ದಂಗಾಯ್ತು. ಇನ್ನು ನಾನು ಈ ಕಡೆ ಬರಾಕಿಲ್ಲ."

ಈ ಕಡೆಯ ಮಾತೇ ನಮ್ಮನ್ನು ಹೆದರಿಸಿದ್ದು. ಯಾಕಂದ್ರೆ ಆಕೆಯ ಮಗಳ ಕೇಸು ರದ್ದಾಗಿಲ್ಲ. ರದ್ದಾಗಿರುವುದು ತೀರ್ಪು. ಎರಡಕ್ಕೂ ಅಜಗಜಾಂತರ. ಆ ವ್ಯತ್ಯಾಸ ತಿಳಿಯದೆ ಆಕೆ ಮುಂದಿನ ವಾಯಿದೆಗೆ ಬರದೇ ಹೋದರೆ, ಆಗ ನಿಜವಾಗಿಯೂ ಕೇಸು ಹೋಗುತ್ತೆ. ಅದಕ್ಕೆ ಕೋರ್ಟಿನ ಭಾಷೆಯಲ್ಲಿ ಬೇರೆ ಹೆಸರಿದೆ: ಗೈರುಹಾಜರಿಗೆ ವಜಾ. ರದ್ದು, ವಜಾ ಎರಡೂ ನಮ್ಮ ಕಿವಿಗೆ ಒಂದೇ ತರಹ ಕೇಳುತ್ತವೆ. ಕೋರ್ಟ್ ಹಾಲಿನ ಬಾಗಿಲಲ್ಲಿ ಅರ್ಧ ಮಾತು ಕೇಳಿಸಿಕೊಂಡು ಆಚೆ ಬಂದವರಿಗೆ ಯಾವುದು ಯಾವುದಾದರೇನು?

ಸಂಗತಿ ಹೀಗಿದೆ. ಯಾರ ಹೆಸರೂ ಬೇಡ, ಎಲ್ಲರೂ ನಮ್ಮೂರಿನವರೇ.

2022ರ ಜುಲೈ ತಿಂಗಳು. ಎರಡನೇ ಕ್ಲಾಸಿನ ಹುಡುಗಿ ಶಾಲೆ ಬಿಟ್ಟು ರಸ್ತೆ ಅಂಚಿನಲ್ಲೇ ನಡೆದುಕೊಂಡು ಮನೆಗೆ ಹೊರಟಿದ್ದಳು. ಮಂಡಿಯಿಂದ ಬಂದ ಲಗೇಜ್ ಆಟೋ ಗುದ್ದಿತು. ಬಲತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಯಿತು, ಕಾಲು ಉಳಿಯಿತು, ಆದರೆ ಎಡಗಾಲಿಗೆ ಸಮವಾಗಿ ಬೆಳೆಯುತ್ತಿಲ್ಲ. ಬೆಳವಣಿಗೆ ನಿಲ್ಲುವ ಮೊದಲೇ ಇನ್ನೊಂದು ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದ್ದಾರೆ. ಕೋರ್ಟಿನ ವಾಯಿದೆ ಮುಂದಕ್ಕೆ ಹೋಗಬಹುದು, ಮಗುವಿನ ಮೂಳೆ ವಾಯಿದೆ ಕೇಳೋದಿಲ್ಲ.

ಆಟೋ ಓಡಿಸುತ್ತಿದ್ದವನು ಕ್ರಿಮಿನಲ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು, ದಂಡ ಕಟ್ಟಿ ಹೊರಬಿದ್ದ. ಅವನ ಹತ್ತಿರ ವಸೂಲು ಮಾಡಲು ಏನೂ ಇಲ್ಲ. ಆಟೋಗೆ ವಿಮೆ? ಮುಗಿದು ಎರಡು ತಿಂಗಳಾಗಿತ್ತು. ಉಳಿದದ್ದು ಮಾಲೀಕ. ಆರ್‌ಸಿ ಪುಸ್ತಕದಲ್ಲಿ ಹೆಸರಿದ್ದದ್ದು ಪೇಟೆಯ ಒಬ್ಬ ದಿನಸಿ ಅಂಗಡಿ ಸಾಹುಕಾರರದು. ಅವರು ಆ ಆಟೋವನ್ನು ಅಪಘಾತಕ್ಕೆ ಎಂಟು ತಿಂಗಳು ಮೊದಲೇ ಪಕ್ಕದ ಹಳ್ಳಿಯವನಿಗೆ ಮಾರಿದ್ದರು. ದುಡ್ಡು ಎಣಿಸಿಕೊಂಡು, 29, 30ನೇ ನಂಬರಿನ ಫಾರಂಗಳಿಗೆ ಸಹಿ ಹಾಕಿ, ಬೀಗದ ಕೈ ಕೊಟ್ಟು ಕೈ ತೊಳೆದುಕೊಂಡಿದ್ದರು. ಕೊಂಡವನು ಆ ಫಾರಂಗಳನ್ನು ಆರ್‌ಟಿಓ ಆಫೀಸಿಗೆ ಕೊಡದೆ ಮನೆಯಲ್ಲಿಟ್ಟುಕೊಂಡ.

ತಾಯಿ ಮಗುವಿನ ಪರವಾಗಿ ಪರಿಹಾರದ ಅರ್ಜಿ ಹಾಕಿದರು. ತಾಲ್ಲೂಕು ಕೇಂದ್ರದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟೇ ಮೋಟಾರು ಅಪಘಾತ ನ್ಯಾಯಮಂಡಳಿಯ ಕೆಲಸವನ್ನೂ ನೋಡುತ್ತದೆ. ಸಾಹುಕಾರರಿಗೆ ಸಮನ್ಸ್ ಹೊರಟಿತು. ವಿಳಾಸ ಆರ್‌ಸಿಯಲ್ಲಿದ್ದದ್ದು, ಅಂದರೆ ಹಳೇ ಅಂಗಡಿಯದು. ಅವರು ಆ ಮಳಿಗೆ ಬಿಟ್ಟು ಅದೇ ಬೀದಿಯಲ್ಲಿ ನೂರು ಹೆಜ್ಜೆ ಆಚೆಗೆ ಹೋಗಿ ವರ್ಷವಾಗಿತ್ತು. ಅಮೀನರು ಬಂದರು, ಬೀಗ ನೋಡಿದರು, ಬಾಗಿಲಿಗೆ ಅಂಟಿಸಿದರು, ಷರಾ ಬರೆದರು. ಬೀದಿಯಲ್ಲಿ ಬೀಡಾ ಅಂಗಡಿಯವನನ್ನು ಒಂದು ಮಾತು ಕೇಳಿದ್ದರೂ ಸಾಹುಕಾರರ ಗಲ್ಲಾಪೆಟ್ಟಿಗೆ ಎದುರಿಗೇ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದ! ಕೇಳಲಿಲ್ಲ. ಪ್ರತಿವಾದಿ ಬರಲಿಲ್ಲ ಅಂತ ಏಕಪಕ್ಷೀಯ, ಅಂದರೆ ಎಕ್ಸ್‌ಪಾರ್ಟಿ. 2024ರ ಫೆಬ್ರವರಿಯಲ್ಲಿ ತೀರ್ಪು: ಅಂಗವೈಕಲ್ಯಕ್ಕೆ 3 ಲಕ್ಷ, ಆಸ್ಪತ್ರೆ ಖರ್ಚಿಗೆ 62 ಸಾವಿರ, ಮೇಲೆ ಶೇಕಡಾ 6 ಬಡ್ಡಿ.

ಮೂರು ಲಕ್ಷ ಎಲ್ಲಿಂದ ಬಂತು ಅಂತ ಕೇಳಬಹುದು. ಮಕ್ಕಳಿಗೆ ಸಂಪಾದನೆ ಇಲ್ಲ, ಆದ್ದರಿಂದ ದೊಡ್ಡವರ ಲೆಕ್ಕ ಅವರಿಗೆ ಹೊಂದೋದಿಲ್ಲ. ಹಾಗಾಗಿ 2013ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮಕ್ಕಳಿಗೇ ಒಂದು ಅಳತೆ ಹಾಕಿಕೊಟ್ಟಿತು. ಇಡೀ ದೇಹದ ಲೆಕ್ಕದಲ್ಲಿ ಶೇಕಡಾ 10ರ ಮೇಲೆ 30ರವರೆಗಿನ ಶಾಶ್ವತ ಊನಕ್ಕೆ 3 ಲಕ್ಷ, 60ರವರೆಗೆ 4, 90ರವರೆಗೆ 5, ಅದರ ಮೇಲೆ 6 ಲಕ್ಷ. ಚಿಕಿತ್ಸೆಯ ಖರ್ಚು ಬೇರೆ. ಈ ಮಗುವಿಗೆ ಡಾಕ್ಟರು ಬರೆದದ್ದು ಶೇಕಡಾ 20.

ಹಣ ಮಾತ್ರ ಬರಲಿಲ್ಲ. ಇಂಥಾ ಕಡೆ ಮೋಟಾರು ವಾಹನ ಕಾಯ್ದೆಯ 174ನೇ ಕಲಮು ಇದೆ. ಮಂಡಳಿ ಜಿಲ್ಲಾಧಿಕಾರಿಗೆ ಪತ್ರ ಕೊಟ್ಟರೆ ಭೂಕಂದಾಯದ ಬಾಕಿ ವಸೂಲು ಮಾಡಿದ ಹಾಗೆ ವಸೂಲು ಮಾಡಬೇಕು. 2024ರ ಅಕ್ಟೋಬರಿನಲ್ಲಿ ರೆವಿನ್ಯೂ ಇಲಾಖೆಯವರು ನೋಟಿಸು ಹಿಡಿದು ಬಂದರು. ಈ ಸಲ ಸರಿಯಾದ ಅಂಗಡಿಗೇ ಬಂದರು, ನೋಡಿ! ಕೊಡೋ ನೋಟಿಸಿಗೆ ಸಿಗದ ವಿಳಾಸ ವಸೂಲಿ ನೋಟಿಸಿಗೆ ಸಿಕ್ಕಿತು. ಆಯುಧಪೂಜೆಯ ಹೂವು ಇನ್ನೂ ಬಾಡದ ಗಲ್ಲಾಪೆಟ್ಟಿಗೆ ಮುಂದೆ ಸಾಹುಕಾರರು ಕುಸಿದು ಕೂತರು. ತಿಂಗಳೊಳಗೆ ವಕೀಲರನ್ನು ಹಿಡಿದು, ತೀರ್ಪು ರದ್ದು ಮಾಡಿ ಅಂತ ಅರ್ಜಿ ಹಾಕಿದರು. ಅದಕ್ಕೆ ವಸೂಲಿ ನಿಂತಿತು. ಅರ್ಜಿಯ ವಿಚಾರಣೆಗೇ ಒಂದು ವರ್ಷ ಹಿಡಿಯಿತು. ಕಳೆದ ಸೋಮವಾರ ಆದೇಶ: ತೀರ್ಪು ರದ್ದು, ಸಾಹುಕಾರರು ಎದುರು ಪಾರ್ಟಿಗೆ 3 ಸಾವಿರ ಖರ್ಚು ಕೊಡತಕ್ಕದ್ದು, ಕೇಸು ಮತ್ತೆ ನಡೆಯತಕ್ಕದ್ದು.

ಈಗ ನಮ್ಮ ಅಭಿಪ್ರಾಯ. ಆದೇಶ ತಪ್ಪು ಅಂತ ನಾವು ಹೇಳೋದಿಲ್ಲ. ಮಗುವಿನ ಕಾಲು ನೋಡಿದವರಿಗೆ ಈ ಮಾತು ಕಹಿ ಅನ್ನಿಸುತ್ತೆ, ಆದರೂ ಹೇಳಲೇಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮ ಎರಡು ಬಾಗಿಲು ಇಟ್ಟಿದೆ. ಸಮನ್ಸು ಸರಿಯಾಗಿ ಜಾರಿಯಾಗಿಲ್ಲ ಅಂತ ತೋರಿಸು, ಇಲ್ಲವೇ ಬರದೇ ಇರೋದಕ್ಕೆ ಸಾಕಷ್ಟು ಕಾರಣವಿತ್ತು ಅಂತ ತೋರಿಸು. ಮೂವತ್ತು ದಿನದೊಳಗೆ ಬಾ. ಸಮನ್ಸೇ ಸರಿಯಾಗಿ ಮುಟ್ಟದಿದ್ದವನಿಗೆ ಆ ಮೂವತ್ತು ದಿನ ತೀರ್ಪು ಗೊತ್ತಾದ ದಿನದಿಂದ ಶುರು. ಬಾಗಿಲಿಗೆ ಅಂಟಿಸೋದು ಕಾನೂನಿನಲ್ಲಿ ಇದೆ, ಆದರೆ ಆ ಬಾಗಿಲು ಮನುಷ್ಯ ವಾಸ ಮಾಡುವ ಅಥವಾ ವ್ಯಾಪಾರ ಮಾಡುವ ಬಾಗಿಲಾಗಿರಬೇಕು. ಬಿಟ್ಟುಹೋದ ಮಳಿಗೆಯ ಬೀಗಕ್ಕೆ ಅಂಟಿಸಿದರೆ ಅದು ಹಲ್ಲಿಗೆ ಸಮನ್ಸು ಜಾರಿ ಮಾಡಿದಂತೆ.

ಒಂದು ಪೇಚು ಇಲ್ಲಿದೆ. ಜಾರಿಯಲ್ಲಿ ಸಣ್ಣಪುಟ್ಟ ಲೋಪವಿದ್ದ ಮಾತ್ರಕ್ಕೆ ತೀರ್ಪು ರದ್ದು ಮಾಡಬಾರದು, ವಾಯಿದೆ ದಿನ ಅವನಿಗೆ ಗೊತ್ತಿತ್ತು, ಬರಲು ಸಮಯವೂ ಇತ್ತು ಅಂದರೆ ಅರ್ಜಿ ತಳ್ಳಿಹಾಕಬೇಕು ಅಂತ 1976ರ ತಿದ್ದುಪಡಿ ಹೇಳುತ್ತದೆ. ಸಾಹುಕಾರರಿಗೆ ಅಪಘಾತದ ವಿಷಯ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪೊಲೀಸರು ಸ್ಟೇಷನ್ನಿಗೆ ಕರೆಸಿದ್ದರು, "ಗಾಡಿ ಮಾರಿಬಿಟ್ಟಿದೀನಿ ಸ್ವಾಮಿ" ಅಂತ ಹೇಳಿ ಬಂದಿದ್ದರು. ಆದರೆ ಅಪಘಾತ ಗೊತ್ತಿರೋದು ಬೇರೆ, ವಾಯಿದೆ ಗೊತ್ತಿರೋದು ಬೇರೆ. ಕಾನೂನು ಕೇಳೋದು ಎರಡನೆಯದನ್ನ.

1955ರಲ್ಲೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು ರಾಜಸ್ಥಾನದ ಒಂದು ಚುನಾವಣಾ ತಕರಾರಿನಲ್ಲಿ ಈ ವಿಷಯ ಬಿಡಿಸಿ ಹೇಳಿದ್ದಾರೆ. ಒಬ್ಬನ ಮಾತು ಕೇಳದೆ, ಅವನ ಬೆನ್ನ ಹಿಂದೆ ಅವನ ಆಸ್ತಿಪಾಸ್ತಿ ತೀರ್ಮಾನ ಮಾಡಬಾರದು ಅನ್ನೋದು ಅದರ ಸಾರಾಂಶ. ಈ ಪತ್ರಿಕೆ ಓದುವ ಅಂಗಡಿಯವರೆಲ್ಲ ಒಂದು ಕ್ಷಣ ಸಾಹುಕಾರರ ಜಾಗದಲ್ಲಿ ನಿಂತು ನೋಡಲಿ. ನಿಮ್ಮ ಹಳೇ ಮಳಿಗೆಯ ಬಾಗಿಲಿಗೆ ಯಾರೋ ಏನೋ ಅಂಟಿಸಿ ಹೋಗಿ, ಒಂದೂವರೆ ವರ್ಷದ ಮೇಲೆ ನಿಮ್ಮ ಸಕ್ಕರೆ ಮೂಟೆ ಜಪ್ತಿಗೆ ಬಂದರೆ ಹೇಗಿರುತ್ತೆ?

(ಹೇಳಲೇಬೇಕಾದ ಇನ್ನೊಂದು ಮಾತು. ಮನುಷ್ಯ ಸಿಗದಿದ್ದರೆ ಪತ್ರಿಕೆಯಲ್ಲಿ ನೋಟಿಸು ಹಾಕಿಸೋ ಪದ್ಧತಿಯೂ ಇದೆ. ನಮ್ಮ ನಾಲ್ಕನೇ ಪುಟದಲ್ಲೂ ಬರುತ್ತೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅದನ್ನ ಪೂರ್ತಿ ಓದುವವನು ಈ ಜಿಲ್ಲೆಯಲ್ಲಿ ಒಬ್ಬನೇ, ನಮ್ಮ ಪ್ರೂಫ್ ನೋಡುವವನು. ಅವನೂ ಅರ್ಧಕ್ಕೇ ಟೀ ಕುಡಿಯಲು ಎದ್ದುಹೋಗುತ್ತಾನೆ.)

ಹಾಗಾದರೆ ನಮ್ಮ ತಕರಾರು ಏನು? ಬಾಗಿಲು ತೆರೆದದ್ದಕ್ಕೆ ತಕರಾರಿಲ್ಲ. ಬಿಟ್ಟಿ ತೆರೆದದ್ದಕ್ಕೆ.

ಅದೇ 13ನೇ ನಿಯಮದಲ್ಲೇ ಬರೆದಿದೆ: ಕೋರ್ಟು ತನಗೆ ಯೋಗ್ಯ ಕಂಡ ಷರತ್ತಿನ ಮೇಲೆ ತೀರ್ಪು ರದ್ದು ಮಾಡಬಹುದು. ಖರ್ಚು ಕೊಡಿಸಬಹುದು, ಕೋರ್ಟಿನಲ್ಲಿ ಹಣ ಜಮಾ ಮಾಡಿಸಬಹುದು, ಇನ್ನೇನಾದರೂ ಕಟ್ಟುಪಾಡು ಹಾಕಬಹುದು. ಸಾಹುಕಾರರು ತೀರ್ಪು ಒಪ್ಪದೆ ಬೆಂಗಳೂರಿನ ದಾರಿ ಹಿಡಿದು ಹೈಕೋರ್ಟಿಗೆ ಅಪೀಲು ಹೋಗಿದ್ದರೆ ಏನಾಗುತ್ತಿತ್ತು? ಕಾಯ್ದೆಯ 173ನೇ ಕಲಮಿನ ಪ್ರಕಾರ, ತೀರ್ಪಿನ ಅರ್ಧ ಹಣ ಅಥವಾ 25 ಸಾವಿರ, ಯಾವುದು ಕಡಿಮೆಯೋ ಅದನ್ನ ಮೊದಲು ಇಟ್ಟೇ ಅಪೀಲು. ದೊಡ್ಡ ಕೋರ್ಟಿನ ಬಾಗಿಲಿಗೆ 25 ಸಾವಿರ, ಇಲ್ಲೇ ನಮ್ಮೂರಿನ ಬಾಗಿಲಿಗೆ ಬರೀ 3 ಸಾವಿರ ಖರ್ಚು. ಮಗುವಿನ ಪರ ವಕೀಲರು ಜಮಾ ಷರತ್ತು ಕೇಳಿದ್ದರಾ ಅಂತ ವಿಚಾರಿಸಿದೆವು. ಕೇಳಿರಲಿಲ್ಲ. ತಕರಾರು ಅರ್ಜಿಯಲ್ಲಿ ಇದ್ದದ್ದು ಒಂದೇ ಸಾಲು: ರದ್ದು ಮಾಡಬಾರದು. ರದ್ದು ಮಾಡೋದೇ ಆದರೆ ಒಂದು ಲಕ್ಷ ಮೊದಲು ಇಡಿಸಿ, ಇಷ್ಟು ತಿಂಗಳಲ್ಲಿ ಮುಗಿಸಿ ಅನ್ನುವ ಎರಡನೇ ಸಾಲು ಬರೆಯಲು ಶಾಯಿ ಖರ್ಚಾಗುತ್ತಿತ್ತೇ? ಕೇಳದೆ ಯಾವ ಕೋರ್ಟೂ ಕೈ ಎತ್ತಿ ಕೊಡೋದಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಆ ನಿಯಮ ಓದಲು ಹತ್ತು ನಿಮಿಷ ಹಿಡಿಯಿತು, ಅಷ್ಟೇ.

ಹಣ ಜಮಾ ಇದ್ದಿದ್ದರೆ ಮಗುವಿನ ಆಪರೇಷನ್ನಿಗೆ ಅದರಲ್ಲಿ ಒಂದು ಭಾಗ ಬಿಡಿಸಿಕೊಡಿ ಅಂತ ಕೇಳಲು ಜಾಗ ಇರುತ್ತಿತ್ತು. ಈಗ ಅದೂ ಇಲ್ಲ. ಜಾರಿಯಲ್ಲಿ ಆದ ತಪ್ಪಿನಲ್ಲಿ ಆ ಮಗುವಿನ ಪಾಲು ಏನಿದೆ ಹೇಳಿ? ವಿಳಾಸ ಬರೆದವರು, ಬಾಗಿಲಿಗೆ ಅಂಟಿಸಿದವರು, ಆರ್‌ಸಿ ಬದಲಾಯಿಸದವರು, ಎಲ್ಲರೂ ದೊಡ್ಡವರೇ. ಬಿಲ್ಲು ಬಂದದ್ದು ಮಾತ್ರ ಐದನೇ ಕ್ಲಾಸಿನ ಹುಡುಗಿಗೆ.

ಇನ್ನು ಆ ತಾಯಿಗೆ ಹೇಳಬೇಕಾದ್ದು. ಅವತ್ತು ಬಸ್ ಸ್ಟಾಪಿನಲ್ಲೇ ಹೇಳಿದ್ದೇವೆ, ಅಂಥವರು ಇನ್ನೂ ಇರ್ತಾರೆ ಅಂತ ಇಲ್ಲೂ ಬರೆಯುತ್ತಿದ್ದೇವೆ. ಏಕಪಕ್ಷೀಯ ತೀರ್ಪು ರದ್ದಾಯಿತು ಅಂದರೆ ಕೇಸು ಎದುರು ಪಾರ್ಟಿ ತಪ್ಪಿಸಿಕೊಂಡ ಜಾಗಕ್ಕೆ ವಾಪಸು ಬಂತು ಅಂತ ಅರ್ಥ. ನೀವು ಹಾಕಿದ ಅರ್ಜಿ ಜೀವಂತ ಇದೆ. ಪೊಲೀಸ್ ಕಾಗದ, ಗಾಯದ ಸರ್ಟಿಫಿಕೇಟು, ಆಸ್ಪತ್ರೆ ಬಿಲ್ಲು ಎಲ್ಲ ಫೈಲಿನಲ್ಲೇ ಇವೆ. ಸಾಹುಕಾರರು ತಮ್ಮ ಹೇಳಿಕೆ ಹಾಕುತ್ತಾರೆ. ನಿಮ್ಮನ್ನೂ ಡಾಕ್ಟರನ್ನೂ ಮತ್ತೆ ಕರೆಸಿ ಪಾಟಿ ಸವಾಲು ಮಾಡುತ್ತಾರೆ. ಮಗು ದಿಢೀರಂತ ಅಡ್ಡ ಓಡಿಬಂತು ಅಂತ ಹೇಳುತ್ತಾರೆ. ಇದನ್ನ ಹೇಳದ ವಕೀಲರು ಹುಟ್ಟಿಲ್ಲ. ಹೆದರಬೇಡಿ. ಏಳು ವರ್ಷದ ಮಗುವಿನಿಂದ ದೊಡ್ಡವರ ಎಚ್ಚರ ಯಾರೂ ನಿರೀಕ್ಷೆ ಮಾಡೋದಿಲ್ಲ. ಶಾಲೆ ಬಿಡೋ ಹೊತ್ತಿನಲ್ಲಿ ಶಾಲೆ ರಸ್ತೆಯಲ್ಲಿ ಎಚ್ಚರ ಇರಬೇಕಾದ್ದು ಸ್ಟೀರಿಂಗ್ ಹಿಡಿದವನಿಗೆ. ಆ ಮೇಲೆ ಅವನು ತಪ್ಪೊಪ್ಪಿಕೊಂಡ ಕಾಗದವೂ ನಿಮ್ಮ ಕಡೆಗಿದೆ. ಆದರೆ ಎದ್ದು ಹೋಗಬೇಕು, ಪ್ರತಿ ವಾಯಿದೆಗೂ ಹೋಗಬೇಕು. ನೀವು ಗೈರಾಗಿ ವಜಾ ಆದರೆ ಮತ್ತೆ ಜೀವ ಕೊಡಿಸಲು ನಿಮಗೂ ಇರೋದು ಅದೇ ಮೂವತ್ತು ದಿನ.

ಮೊದಲು ಗಂಡನೇ ಬರುತ್ತಿದ್ದನಂತೆ. ಹಮಾಲಿ ಕೆಲಸ, ಒಂದು ವಾಯಿದೆಗೆ ಒಂದು ದಿನದ ಕೂಲಿ ಹೋಗುತ್ತಿತ್ತು, ಮೇಲೆ ಬಸ್ ಚಾರ್ಜು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ಅಂತ ಆಕೆ ಬರಲು ಶುರು ಮಾಡಿದರು. ಫ್ರೀ ಬಸ್ಸಿನ ಬಗ್ಗೆ ಸೀಟಿಗಾಗಿ ಗೊಣಗುವ ನಮ್ಮ ಗಂಡಸು ಓದುಗರಿಗೆ ಇದು ಗೊತ್ತಿರಲಿ, ನಿಮ್ಮ ಪಕ್ಕದಲ್ಲಿ ಕಂಬಿ ಹಿಡಿದು ನಿಂತವರು ಎಲ್ಲಿಗೆ ಹೋಗ್ತಿದಾರೆ ಅಂತ ನಿಮಗೆ ಗೊತ್ತಿಲ್ಲ.

ವಕೀಲರ ಫೀಜು ಹೊರೆಯಾದರೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕು. ಇಲ್ಲಿ ಅರ್ಜಿದಾರಳು ಮಗು, ಪರವಾಗಿ ನಿಂತವಳು ಹೆಂಗಸು. ಎರಡು ಕಾರಣ ಇದ್ದರೂ ಮೂರು ವರ್ಷ ಈ ಮಾತನ್ನ ಆಕೆಗೆ ಯಾರೂ ಹೇಳಲಿಲ್ಲ.

ಸಾಹುಕಾರರಿಗೂ ಎರಡು ಮಾತು. ಅವರು ನಮ್ಮ ಪತ್ರಿಕೆಗೆ ಚಂದಾದಾರರೂ ಹೌದು, ದೀಪಾವಳಿಗೆ ಜಾಹೀರಾತು ಕೊಡುವವರೂ ಹೌದು. ಬೇಜಾರು ಮಾಡಿಕೊಳ್ಳಬಾರದು. ಗಾಡಿ ಮಾರಿದ್ದೆ, ನನಗೇನು ಸಂಬಂಧ ಅನ್ನುವ ಮಾತು ಇನ್ನು ನಡೆಯೋದಿಲ್ಲ ಸ್ವಾಮಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಬಂತು. ಹಳ್ಳಿಯ ಬೀದಿಯಲ್ಲಿ ನಡೆದುಹೋಗುತ್ತಿದ್ದ ಹೆಂಗಸು ಮತ್ತು ಒಬ್ಬ ಹುಡುಗನ ಮೇಲೆ ರಿವರ್ಸ್ ಬಂದ ಕಾರು ಹರಿಯಿತು, ಹುಡುಗ ಸತ್ತ. ಕಾರು ಕೈಯಿಂದ ಕೈಗೆ ಮಾರಾಟವಾಗಿತ್ತು, ಪುಸ್ತಕದಲ್ಲಿ ಮಾತ್ರ ಹಳೇ ಹೆಸರು. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅವನೇ ಕೊಡಬೇಕು, ಪೆಟ್ಟು ತಿಂದವನು ಕೊಂಡವರ ಹಿಂದೆ ಒಬ್ಬೊಬ್ಬರನ್ನೇ ಹುಡುಕಿಕೊಂಡು ಅಲೆಯಬೇಕಾಗಿಲ್ಲ ಅಂತ ಕೋರ್ಟು ಹೇಳಿತು. ಮಾರಿದವನು ರಾಜ್ಯದೊಳಗೆ 14 ದಿನದಲ್ಲಿ ಆರ್‌ಟಿಓಗೆ ತಾನೇ ತಿಳಿಸಬೇಕು ಅಂತ 50ನೇ ಕಲಮಿನಲ್ಲಿ ಮೊದಲಿನಿಂದಲೂ ಇದೆ. ಕೊಂಡವನು ಮಾಡಿಸ್ಕೋತಾನೆ ಅಂತ ಸಹಿ ಹಾಕಿ ಕೊಟ್ಟರೆ, ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟ ಹಾಗೆಯೇ. ನಮ್ಮ ಪೇಟೆಯಲ್ಲಿ ಹಳೇ ಲಗೇಜ್ ಆಟೋ, ಹಳೇ ಸ್ಕೂಟರು ಹೀಗೆ ಕೊಟ್ಟವರು ಎಷ್ಟು ಮಂದಿ ಇದ್ದೀರಿ, ಎದೆ ಮುಟ್ಟಿ ನೋಡಿಕೊಳ್ಳಿ. ಆರ್‌ಸಿಯಲ್ಲಿ ವಿಳಾಸವಾದರೂ ಬದಲಾಯಿಸಿದ್ದೀರಾ?

ಇನ್ನೊಂದು ಲೆಕ್ಕ, ವ್ಯಾಪಾರಸ್ಥರಿಗೆ ಅರ್ಥವಾಗುವಂಥದ್ದು. 3 ಲಕ್ಷ 62 ಸಾವಿರಕ್ಕೆ ಶೇಕಡಾ 6ರಂತೆ ವರ್ಷಕ್ಕೆ 21,720 ರೂಪಾಯಿ, ತಿಂಗಳಿಗೆ 1,810. ಮತ್ತೆ ಅಷ್ಟೇ ತೀರ್ಪಾದರೆ ಬಡ್ಡಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದಲೇ ಹಿಡಿಯುತ್ತಾರೆ. ಒಂದೊಂದು ವಾಯಿದೆ ಎಳೆದಾಗಲೂ ಗಲ್ಲಾದಿಂದ ಅಷ್ಟು ಹೋಯಿತು ಅಂತಲೇ ಬರೆದುಕೊಳ್ಳಬೇಕು. ಅಷ್ಟೇ ಆಗುತ್ತೆ ಅಂತ ಗ್ಯಾರಂಟಿಯೂ ಇಲ್ಲ. 2020ರಲ್ಲಿ ಹರಿಯಾಣದ ಒಬ್ಬ ಹುಡುಗಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಮಗುವಿನ ಸಂಪಾದನೆಗೆ ನುರಿತ ಕೆಲಸಗಾರನ ಕನಿಷ್ಠ ಕೂಲಿಯನ್ನೇ ಲೆಕ್ಕ ಹಿಡಿದು 62 ಲಕ್ಷದ ಮೇಲೆ ಕೊಡಿಸಿತು. ಅದು ಪೂರ್ತಿ ಹಾಸಿಗೆ ಹಿಡಿದ ಮಗು, ಇದಕ್ಕೂ ಅದಕ್ಕೂ ಹೋಲಿಕೆ ಇಲ್ಲ. ಆದರೂ ಮತ್ತೆ ತೆರೆದ ಕೇಸು ಇಳಿಯಲೂಬಹುದು, ಏರಲೂಬಹುದು. ಮುಂದಿನ ಆಪರೇಷನ್ನಿನ ಖರ್ಚು ಮೊದಲ ತೀರ್ಪಿನಲ್ಲಿ ಸೇರಿರಲಿಲ್ಲ, ಈ ಸಲ ಮಗುವಿನ ಕಡೆಯವರು ಕೇಳದೆ ಬಿಡುತ್ತಾರೆಯೇ?

ಎರಡೂ ಕಡೆಯವರು ಕೂತು ಮಾತಾಡಿ ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳುವುದಕ್ಕೆ ಈಗಲೂ ಅಡ್ಡಿಯಿಲ್ಲ. ಮಗುವಿನ ವಿಷಯವಾದ್ದರಿಂದ ರಾಜಿಗೆ ಕೋರ್ಟಿನ ಅನುಮತಿ ಬೇಕು. ಮಗುವಿನ ಹಣವನ್ನು ಸಾಮಾನ್ಯವಾಗಿ ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ಡಿಪಾಜಿಟ್ ಇಡಿಸುತ್ತಾರೆ, ಚಿಕಿತ್ಸೆಗೆ ಬೇಕಾದ್ದನ್ನ ಕೇಳಿ ಬಿಡಿಸಿಕೊಳ್ಳಬಹುದು. ಆಟೋ ಕೊಂಡವನ ಮೇಲೆ ಸಾಹುಕಾರರಿಗೆ ಸಿಟ್ಟಿದ್ದರೆ, ಇರೋದು ಸಹಜವೇ, ಆ ಲೆಕ್ಕವನ್ನ ಅವನ ಹತ್ತಿರ ಬೇರೆಯಾಗಿ ಚುಕ್ತಾ ಮಾಡಿಕೊಳ್ಳಲಿ. ಅಲ್ಲಿಯತನಕ ಮಗು ಯಾಕೆ ಕಾಯಬೇಕು?

ಬುಧವಾರ ಸಂಜೆ ಸಾಹುಕಾರರ ಅಂಗಡಿಗೆ ಹೋಗಿದ್ದೆವು. ತೂಕ ಮಾಡುತ್ತಲೇ ಮಾತಾಡಿದರು. "ನಾನೇನು ಕೊಡಲ್ಲ ಅಂತ ಹೇಳಿಲ್ಲ. ನನ್ನ ಮಾತೂ ಒಂದು ಕೇಳಲಿ ಅಂದೆ, ಅಷ್ಟೇ. ಆ ಮಗೂನ ನಾನು ಇವತ್ತಿನವರೆಗೂ ನೋಡಿಲ್ಲ," ಅಂದರು. ಆಮೇಲೆ ತಕ್ಕಡಿ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಯಾವ ಸ್ಕೂಲಿಗೆ ಹೋಗುತ್ತೆ ಅಂತ ಕೇಳಿದರು. ಹೇಳಿದೆವು.

ಮುಂದಿನ ವಾಯಿದೆ ಇದೇ 18ಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ. ತಾಯಿ ಬರ್ತೀನಿ ಅಂದಿದ್ದಾರೆ. ಮಗಳಿಗೆ ಅವತ್ತು ಕ್ಲಾಸ್ ಟೆಸ್ಟ್ ಇದೆಯಂತೆ, ಅವಳು ಬರೋದಿಲ್ಲ.